ಹಳೆಯ ಗಾಡಿಯ ಪೊಳ್ಳುಗಳಿಗೆ ಸ್ಪ್ರೇ ಫೋಮ್ ತುಂಬಿಸಬಹುದೇ?

ಹಳೆಯ ವಾಹನಗಳ ಬಾಡಿ ಕೆಲಸದ ಬಗ್ಗೆ ಈ ಬೇಸಿಗೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಹೋದ ವರ್ಷವೂ ಇದಕ್ಕೆ ಉತ್ತರ ಕೊಟ್ಟಿದ್ದೆ. ಆದರೂ ಫೋಮ್ ತುಂಬಿಸಿಕೊಂಡು ಹಾಳಾದ ಗಾಡಿಗಳು ನನ್ನ ಬಳಿ ಬರುತ್ತಲೇ ಇರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನಲ್ಲಿ 2004ರ ಮಾರುತಿ ಓಮ್ನಿ ಇದೆ. ದಿನವೂ ಕಲಬುರಗಿಯಿಂದ ಸೇಡಂಗೆ ಹೋಗಿ ಬರುತ್ತೇನೆ. ಬಿಸಿಲಿಗೆ ಒಳಗೆ ಕೂರಲಾಗುವುದಿಲ್ಲ, ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಬಾಗಿಲು, ಚಾವಣಿ ಮತ್ತು ಕೆಳಗಿನ ಪೊಳ್ಳುಗಳಿಗೆಲ್ಲ ಸ್ಪ್ರೇ ಫೋಮ್ ಹೊಡೆದರೆ ಎರಡೂ ತೊಂದರೆ ಹೋಗುತ್ತವೆ, ತುಕ್ಕೂ ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ?

ಮಾಡಿಸಬೇಡಿ. ಅಂಗಡಿಯವರು ಹೇಳಿದ ಮೂರು ಮಾತುಗಳಲ್ಲಿ ಒಂದು ಅರ್ಧ ನಿಜ, ಉಳಿದ ಎರಡು ಪೂರ್ತಿ ಸುಳ್ಳು.

ತುಕ್ಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಪ್ಪತ್ತು ವರ್ಷದ ಗಾಡಿಯ ಆಯುಷ್ಯ ನಿಂತಿರುವುದು ಅದರ ಮೇಲೆಯೇ. ಡಬ್ಬಿಯಲ್ಲಿ ಸಿಗುವ ಫೋಮ್ ಕಿಟಕಿ ಬಾಗಿಲುಗಳ ಚೌಕಟ್ಟಿನ ಸಂದು ಮುಚ್ಚಲು ಮಾಡಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆ. ಅದರಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಗಾಳಿಯ ತೇವಾಂಶದೊಂದಿಗೆ ಸೇರಿದಾಗ ಮಾತ್ರ ನೊರೆ ಗಟ್ಟಿಯಾಗುತ್ತದೆ. ಸುತ್ತಲೂ ಉಕ್ಕಿನ ತಗಡಿರುವ ಪೊಳ್ಳಿನಲ್ಲಿ ಇದನ್ನು ಒಮ್ಮೆಲೇ ತುಂಬಿಸಿದರೆ, ಹೊರಪದರ ಮೊದಲು ಬಿಗಿದುಕೊಂಡು ಒಳಗಿನ ಭಾಗಕ್ಕೆ ತೇವಾಂಶ ತಲುಪುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟಿ ಗಾಳಿ ಒಣಗಿರುವಾಗ ಈ ತೊಂದರೆ ಇನ್ನೂ ಹೆಚ್ಚು.

ಒಂದು ಹಳೆಯ ಮಾರುತಿ 800 ಕಾರಿನ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ಭಾಗವನ್ನು ನಾನೇ ಉಳಿ ಹಾಕಿ ಬಿಚ್ಚಿದ್ದೇನೆ. ಫೋಮ್ ತುಂಬಿಸಿ ಎಂಟು ತಿಂಗಳಾಗಿತ್ತು. ನಡುಭಾಗದಲ್ಲಿ ಬೆರಳು ದಪ್ಪದ ಗಟ್ಟಿ ಹೊಟ್ಟು, ಅದರೊಳಗೆ ಬೆಲ್ಲದ ಪಾಕದಂತೆ ಕೈಗೆ ಅಂಟುವ ಹಳದಿ ದ್ರವ್ಯ. ಹಿಂಬದಿಯ ತುದಿಯಲ್ಲಿ ಫೋಮ್ ಚೆನ್ನಾಗಿಯೇ ಗಟ್ಟಿಯಾಗಿತ್ತು, ಆದರೆ ನೀರು ಇಳಿದುಹೋಗಲು ಕಂಪನಿ ಇಟ್ಟಿದ್ದ ತೂತನ್ನೂ ಮುಚ್ಚಿಬಿಟ್ಟಿತ್ತು. ಕಾಲಕ್ರಮದಲ್ಲಿ ಫೋಮ್ ಕುಗ್ಗಿ ತಗಡಿನಿಂದ ಬಿಟ್ಟುಕೊಂಡಿದ್ದ ಕೂದಲೆಳೆಯಷ್ಟು ಸಂದಿಯಲ್ಲಿ ಮಳೆಗಾಲದ ಕೆಸರು ನೀರು ಹಾಗೆಯೇ ನಿಂತಿತ್ತು. ಹೊರಗೆ ಹೊಸ ಬಣ್ಣ ಹೊಳೆಯುತ್ತಿತ್ತು. ಒಳತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿದು ಬಂತು. ಗಾಡಿಯ ಭಾರ ಹೊರುವ ಭಾಗವದು. ಹಳೆಯ ತಗಡಿನಲ್ಲಿ ಧೂಳು ಮತ್ತು ಸಣ್ಣ ತುಕ್ಕು ಇದ್ದೇ ಇರುತ್ತದೆ, ಅದರ ಮೇಲೆ ಫೋಮ್ ಸರಿಯಾಗಿ ಅಂಟುವುದೂ ಇಲ್ಲ. ಆದ್ದರಿಂದ ತುಕ್ಕು ತಡೆಯುತ್ತದೆ ಎಂಬ ಮಾತನ್ನು ಯಾರೇ ಹೇಳಿದರೂ ನಂಬಬೇಡಿ.

ಸದ್ದಿನ ವಿಷಯದಲ್ಲಿಯೂ ಇದೇ ಅಜ್ಞಾನ ಹರಡಿದೆ. ಹೊರಗಿನ ಸದ್ದನ್ನು ತಡೆಯುವುದು ಭಾರ, ಒಳಗೆ ಬಂದ ಸದ್ದನ್ನು ಹೀರುವುದು ಗಾಳಿಯಾಡುವ ಮೆತ್ತನೆಯ ವಸ್ತು, ತಗಡಿನ ನಡುಕವನ್ನು ಅಡಗಿಸುವುದು ಅದಕ್ಕೆ ಬಿಗಿಯಾಗಿ ಅಂಟಿದ ಜಿಗುಟು ಪದರ. ಗಟ್ಟಿ ಫೋಮಿಗೆ ಈ ಮೂರರಲ್ಲಿ ಯಾವ ಗುಣವೂ ಇಲ್ಲ. ಅದು ಹಗುರ, ಅದರ ಗುಳ್ಳೆಗಳು ಬಹುಪಾಲು ಮುಚ್ಚಿರುತ್ತವೆ, ಒಣಗಿದ ಮೇಲೆ ಬಿರುಸು. ಬಾಗಿಲಿನ ಹೊರತಗಡನ್ನು ಒಳಗಿನಿಂದ ಶುಚಿಗೊಳಿಸಿ, ಅಲ್ಯುಮಿನಿಯಂ ಹಾಳೆ ಇರುವ 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ ಡ್ಯಾಂಪಿಂಗ್ ಶೀಟನ್ನು (ನಡುಕ ಅಡಗಿಸುವ ಜಿಗುಟು ರಬ್ಬರ್ ಹಾಳೆ) ತಗಡಿನ ಮೂರನೇ ಒಂದು ಭಾಗಕ್ಕೆ ಅಂಟಿಸಿ, ರೋಲರ್‌ನಿಂದ ಒತ್ತಿಸಿದರೆ ಸಾಕು. ಅಂಟಿಸುವ ಮೊದಲೊಮ್ಮೆ, ಆಮೇಲೊಮ್ಮೆ ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ ನೋಡಿ. ಡಣ್ ಎನ್ನುತ್ತಿದ್ದದ್ದು ಟಪ್ ಎನ್ನಬೇಕು. ಇಡೀ ತಗಡಿಗೆ ಅಂಟಿಸಲೇಬೇಕು ಎನ್ನುವವರು ಶೀಟ್ ಮಾರುವವರು.

ಇನ್ನು ಬಿಸಿ, ಅಂದರೆ ಆ ಅರ್ಧ ನಿಜ. ಪಾಲಿಯುರೆಥೇನ್ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಮನೆಯ ಫ್ರಿಜ್ಜಿನ ಗೋಡೆಯೊಳಗೂ ಅದೇ ಇದೆ, ಶೀತಲ ವಾಹನಗಳಿಗೆ ಹಾಕುವ ಪಫ್ ಎಂಬುದೂ ಅದೇ. ಆದರೆ ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ನಿಮ್ಮನ್ನು ಬೇಯಿಸುತ್ತಿರುವುದು ಆ ಎಂಜಿನ್, ಸುತ್ತಲಿನ ಗಾಜು ಮತ್ತು ಬಿಸಿಲಿಗೆ ಕಾದ ಚಾವಣಿ. ಹೀಗಿರುವಾಗ ಬಾಗಿಲೊಳಗೆ ಫೋಮ್ ತುಂಬಿಸಿ ಏನು ಪ್ರಯೋಜನ? ಮೊದಲು ಸೀಟಿನ ಕೆಳಗಿನ ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಬದಲಿಸಿ. ಆ ಮುಚ್ಚಳದ ಅಡಿಗೆ ಎಂಜಿನ್ ಶಾಖ ತಡೆಯಲೆಂದೇ ಮಾಡಿದ, ಬೆಂಕಿ ಹಿಡಿಯದ ಶೀಟ್ ಹಾಕಿಸಿ. ನಂತರ ಎಲ್ಲ ಬಾಗಿಲುಗಳ ರಬ್ಬರ್ ಬೀಡಿಂಗ್ ಹೊಸದು ಮಾಡಿಸಿ. ಇಪ್ಪತ್ತು ವರ್ಷದ ಬೀಡಿಂಗ್ ಕಲ್ಲಾಗಿರುತ್ತದೆ, ಗಾಳಿಯ ಸದ್ದೂ ಸೇಡಂ ರಸ್ತೆಯ ಧೂಳೂ ಅದರ ಸಂದಿನಿಂದಲೇ ಬರುತ್ತವೆ. ಕೊನೆಗೆ ಚಾವಣಿಯ ಒಳಬಟ್ಟೆ ಇಳಿಸಿ, ಎಸಿ ಕೊಳವೆಗಳಿಗೆ ಸುತ್ತುವ ನೈಟ್ರೈಲ್ ರಬ್ಬರ್ ಶೀಟನ್ನು 6ರಿಂದ 10 ಮಿಲಿಮೀಟರ್ ದಪ್ಪದಲ್ಲಿ ಸಂದಿಲ್ಲದಂತೆ ಅಂಟಿಸಿ. ಚಾವಣಿಗೆ ಬಿಳಿ ಬಣ್ಣ ಹೊಡೆಸುವುದೂ ದೊಡ್ಡ ಉಪಕಾರ ಮಾಡುತ್ತದೆ.

ಬೆಂಕಿಯ ಮಾತನ್ನು ಬಿಟ್ಟರೆ ಈ ಉತ್ತರ ಅಪೂರ್ಣವಾಗುತ್ತದೆ. ಫೋಮ್ ಹೊತ್ತಿಕೊಂಡರೆ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲಗಳಿರುತ್ತವೆ. ಹಳೆಯ ಗಾಡಿಗೆ ಒಂದಲ್ಲ ಒಂದು ದಿನ ಟಿಂಕರಿಂಗ್ ಕೆಲಸ ಬಂದೇ ಬರುತ್ತದೆ. ಒಳಗೆ ಫೋಮ್ ಇರುವುದು ತಿಳಿಯದೆ ಗ್ಯಾಸ್ ವೆಲ್ಡಿಂಗ್ ಮಾಡುವವನ ಗತಿಯೇನು? ಫೋಮ್ ಹೊಡೆಯುವ ಹುಡುಗರ ಬಗ್ಗೆಯೂ ನನಗೆ ಕಳವಳವಿದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಮುಚ್ಚಿದ ಗಾಡಿಯೊಳಗೆ ಕುಳಿತು ಕೆಲಸ ಮಾಡುತ್ತಾರೆ. ಐಸೊಸೈನೇಟ್ ಆವಿಯನ್ನು ಕರವಸ್ತ್ರ ತಡೆಯುವುದಿಲ್ಲ. ಒಮ್ಮೆ ಅದರಿಂದ ಉಬ್ಬಸ ಅಂಟಿಕೊಂಡರೆ, ಮುಂದೆ ಅದರ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಅಂಗಡಿಯ ಮಾಲೀಕರು ಇದನ್ನು ತಿಳಿದುಕೊಳ್ಳಲೇಬೇಕು.

ಪ್ರಶ್ನೆ: ಹೊಸ ಕಾರುಗಳ ಪಿಲ್ಲರಿನೊಳಗೆ (ಚಾವಣಿ ಹೊರುವ ಕಂಬ) ಕಂಪನಿಯವರೇ ಫೋಮ್ ಹಾಕುತ್ತಾರಲ್ಲ? (ಬೀದರ್)

ಅದು ತುಕ್ಕುನಿರೋಧಕ ಲೇಪನವಾದ ತಗಡಿನಲ್ಲಿ, ನೀರಿನ ದಾರಿ ಬಿಟ್ಟು, ಲೆಕ್ಕ ಹಾಕಿದ ಜಾಗದಲ್ಲಿ ಮಾತ್ರ ಇಡುವ ಬೇರೆಯೇ ವಸ್ತು. ಎಷ್ಟೋ ಕಾರುಗಳಲ್ಲಿ ಅದು ಬಣ್ಣ ಒಣಗಿಸುವ ಕುಲುಮೆಯ ಶಾಖಕ್ಕೆ ಉಬ್ಬುತ್ತದೆ.

ಪ್ರಶ್ನೆ: ಮೊಟ್ಟೆಯ ಟ್ರೇ ಅಥವಾ ಥರ್ಮೊಕೋಲ್ ಅಂಟಿಸಿದರೆ ಸದ್ದು ಕಡಿಮೆಯಾಗುವುದೇ? (ಯಾದಗಿರಿ)

ಇಲ್ಲ, ಮತ್ತು ಎರಡೂ ಸುಲಭವಾಗಿ ಬೆಂಕಿ ಹಿಡಿಯುತ್ತವೆ.

ಪ್ರಶ್ನೆ: ಮನೆಯ ತಾರಸಿಗೆ ಹಾಕುವ ಡಾಂಬರಿನ ಶೀಟ್ ಅಗ್ಗವಾಗಿದೆ, ಅದನ್ನೇ ಬಳಸಬಹುದೇ? (ಶಹಾಬಾದ್)

ನಮ್ಮ ಬಿಸಿಲಿಗೆ ಅದು ಕರಗಿ ಜಾರುತ್ತದೆ, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ.

ಪ್ರಶ್ನೆ: ಉಳಿದ ಫೋಮ್ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟಿದ್ದೇನೆ, ತೊಂದರೆಯಿಲ್ಲ ತಾನೆ? (ಕಲಬುರಗಿ)

ಇಂದೇ ಹೊರಗೆ ತೆಗೆದು ನೆರಳಿನಲ್ಲಿಡಿ. ಅದರೊಳಗಿನ ಅನಿಲಕ್ಕೆ ಬೆಂಕಿ ತಗಲುತ್ತದೆ, 50 ಡಿಗ್ರಿ ಮೀರಿದರೆ ಡಬ್ಬಿ ಸಿಡಿಯಬಹುದು.

ಪ್ರಶ್ನೆ: ಎರಡು ವರ್ಷದ ಹಿಂದೆಯೇ ಬಾಗಿಲುಗಳಿಗೆ ಫೋಮ್ ತುಂಬಿಸಿದ್ದೇನೆ. ಥಿನ್ನರ್ ಸುರಿದು ಕರಗಿಸಬಹುದೇ? (ಹುಮನಾಬಾದ್)

ಒಣಗಿದ ಫೋಮ್ ಥಿನ್ನರಿಗೂ ಪೆಟ್ರೋಲಿಗೂ ಅಸಿಟೋನಿಗೂ ಕರಗುವುದಿಲ್ಲ. ಪೊಳ್ಳಿನಲ್ಲಿ ಅವುಗಳ ಆವಿ ತುಂಬಿ ಕಿಡಿಗೆ ಕಾಯುತ್ತಿರುತ್ತದೆ, ಅಷ್ಟೇ. ಬಾಗಿಲಿನ ಒಳಹಲಗೆ ಬಿಚ್ಚಿಸಿ, ಬ್ಲೇಡು ಮತ್ತು ಉಳಿಯಿಂದ ತುಂಡು ತುಂಡಾಗಿ ತೆಗೆಸಿ. ಗಾಜು ಏರಿಸುವ ಯಂತ್ರ, ಬೀಗದ ಸರಳು ಮತ್ತು ವೈರುಗಳ ಸುತ್ತ ಅವಸರ ಬೇಡ. ಬಾಗಿಲ ತಳದ ತೂತುಗಳನ್ನು ತಂತಿಯಿಂದ ಬಿಡಿಸಿ, ಒಂದು ಲೋಟ ನೀರು ಹೊಯ್ದು ಅದು ಪೂರ್ತಿ ಕೆಳಗೆ ಇಳಿಯುವುದನ್ನು ಕಣ್ಣಾರೆ ನೋಡಿ. ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕು ಉಜ್ಜಿಸಿ, ಪೊಳ್ಳುಗಳಿಗೆ ಹೊಡೆಯುವ ಮೇಣದ ಲೇಪನ ಹಾಕಿಸಿ. ಈ ಕೆಲಸ ಮುಗಿಯುವವರೆಗೆ ಆ ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸಬೇಡಿ.