ಹೊಲ ಕೊಡುತ್ತೀರಿ ಸರಿ, ಎಷ್ಟು ವರ್ಷಕ್ಕೆ?

ಮನೆಯ ಜಮೀನನ್ನು ಹೊಸ ಸಾವಯವ ಬೆಳೆಗಾರರಿಗೆ ಬಿಟ್ಟುಕೊಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಮೂವರೂ ಕೇಳಿದ್ದಾರೆ. ಮನೆಯ ವಿಷಯ ಅಲ್ವಾ, ಹಾಕಿಲ್ಲ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಆರು ಎಕರೆ ಜಮೀನಿದೆ, ಬಾವಿ ಇದೆ. ಇಬ್ಬರು ಮಕ್ಕಳೂ ಬೇರೆ ಕೆಲಸದಲ್ಲಿದ್ದಾರೆ, ಬೇಸಾಯಕ್ಕೆ ವಾಪಸ್ ಬರುವುದಿಲ್ಲ. ಒಬ್ಬ ಹುಡುಗ ಮತ್ತು ಅವನ ಹೆಂಡತಿ ಬಂದು, ಸಾವಯವ ತರಕಾರಿ ಬೆಳೆಯುತ್ತೇವೆ, ಜಮೀನು ಕೊಡಿ ಅನ್ನುತ್ತಿದ್ದಾರೆ. ಮಾರಲು ಮನಸ್ಸಿಲ್ಲ. ವರ್ಷ ವರ್ಷದ ಲೀಸ್‌ಗೆ ಕೊಟ್ಟು ನೋಡೋಣ ಅಂತಿದ್ದೇನೆ. ಸರಿಯೇ?

ಉತ್ತರ: ಕೊಡಬೇಕು ಅನ್ನಿಸಿದ್ದು ಸರಿ. ವರ್ಷ ವರ್ಷದ ಲೀಸ್ ಮಾತ್ರ ಬೇಡ.

ಚೀಲದ ಗೊಬ್ಬರ ಹಾಕಿ ಬೆಳೆಯುವವರಿಗೆ ಒಂದು ವರ್ಷದ ಲೀಸ್ ಹೇಗೋ ನಡೆದೀತು, ಯಾಕೆಂದರೆ ಹಾಕಿದ ದುಡ್ಡಿನ ಲೆಕ್ಕ ಹೆಚ್ಚುಕಡಿಮೆ ಆ ಬೆಳೆಯಲ್ಲೇ ಮುಗಿಯುತ್ತದೆ. ಸಾವಯವದಲ್ಲಿ ಹಾಗಲ್ಲ. ಕಾಂಪೋಸ್ಟ್‌ನಲ್ಲಿರುವ ಸಾರಜನಕದಲ್ಲಿ ಮೊದಲ ವರ್ಷ ಬೆಳೆಗೆ ಸಿಗುವುದು ಸ್ವಲ್ಪ ಪಾಲು ಮಾತ್ರ. ಉಳಿದದ್ದು ಮಣ್ಣಿನಲ್ಲಿ ಕೂತು, ಸೂಕ್ಷ್ಮಜೀವಿಗಳು ಕರಗಿಸಿದ ಹಾಗೆಲ್ಲ ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಸಿಗುತ್ತದೆ. ಇನ್ನು ಸಾವಯವ ಪ್ರಮಾಣಪತ್ರ ಬೇಕೆಂದರೆ ಬಹುತೇಕ ದೇಶಗಳ ನಿಯಮದಲ್ಲಿ 2ರಿಂದ 3 ವರ್ಷದ ಪರಿವರ್ತನೆ ಅವಧಿ, ಅಂದರೆ ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುವ ಕಾಲ, ಇದೆ. ಅಮೆರಿಕದಲ್ಲಂತೂ ನಿಷೇಧಿತ ರಾಸಾಯನಿಕ ಕೊನೆಯ ಸಲ ಬಿದ್ದು 36 ತಿಂಗಳು ಕಳೆಯುವವರೆಗೆ ಬೆಳೆಯನ್ನು ಸಾವಯವ ಅಂತ ಮಾರುವ ಹಾಗಿಲ್ಲ. ಅಂದರೆ ಆ ಜೋಡಿ ಮೊದಲ ಎರಡು ಮೂರು ವರ್ಷ ಮೈಮುರಿದು ದುಡಿದು, ಸಾವಯವದ ಬೆಲೆಯೂ ಸಿಗದೆ, ನಿಮ್ಮ ಮಣ್ಣನ್ನು ಕಟ್ಟಿಕೊಡುತ್ತಾರೆ. ಆಮೇಲೆ ನೀವು "ಈ ವರ್ಷ ಬೇಡಪ್ಪ" ಅಂದರೆ? ಬುದ್ಧಿ ಇರುವ ಬೆಳೆಗಾರರು ಅಂಥ ಜಮೀನಿಗೆ ಗೊಬ್ಬರವನ್ನೇ ಹಾಕುವುದಿಲ್ಲ. ಮರ ನೆಡುವುದಂತೂ ದೂರದ ಮಾತು.

ಹಾಗಾಗಿ ಅವರಿಗೆ ನೀವು ಕೊಡಬೇಕಾದದ್ದು ಕಾಲ. ಹತ್ತು ವರ್ಷಕ್ಕಿಂತ ಕಡಿಮೆಯ ಕರಾರು ನನಗೆ ಒಪ್ಪಿಗೆಯಿಲ್ಲ, ಹದಿನೈದಾದರೆ ಒಳ್ಳೆಯದು. ಅಷ್ಟು ವರ್ಷ ಅಂದರೆ ಭಯ ಆಗುತ್ತದೆ, ಸಹಜ. ಅದಕ್ಕೆ ಮೊದಲು ಒಂದು ಎಕರೆಯನ್ನು ಎರಡು ಹಂಗಾಮಿಗೆ ಕೊಟ್ಟು ನೋಡಿ. ಜನ ಹೇಗೆ, ಕೆಲಸ ಹೇಗೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಆದರೆ ಪರೀಕ್ಷೆಯ ಅವಧಿ ಯಾವಾಗ ಮುಗಿಯುತ್ತದೆ, ಆಮೇಲೆ ಏನು ಅನ್ನುವುದನ್ನು ಮೊದಲೇ ಬರೆದಿಡಿ. ಪರೀಕ್ಷೆ ಮುಗಿಯದೇ ಹೋದರೆ ಅದು ಮತ್ತೆ ವರ್ಷ ವರ್ಷದ ಲೀಸೇ.

ಕರಾರಿಗೆ ಮುಂಚೆ ಇನ್ನೊಂದು ಕೆಲಸವಿದೆ, ಅದೇ ಕಷ್ಟದ್ದು. ಮಕ್ಕಳಿಬ್ಬರನ್ನೂ ಕೂರಿಸಿ ಮಾತಾಡಿ. ಬೇಸಾಯ ಬೇಡ ಅನ್ನುವ ಮಕ್ಕಳಿಗೆ ಜಮೀನೂ ಬೇಡ ಅಂತ ಅರ್ಥವಲ್ಲ. ನಿಮ್ಮ ಕಾಲಾನಂತರ ಕರಾರು ಅವರ ಮೇಲೂ ನಿಲ್ಲಬೇಕು, ಅದಕ್ಕೆ ಅವರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ, ಕರಾರು ನೋಂದಣಿಯಾಗಲಿ. ಕೃಷಿ ಜಮೀನನ್ನು ಲೀಸ್‌ಗೆ ಕೊಡುವ ಕಾನೂನು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಗೇಣಿಗೆ ಕೊಡುವುದಕ್ಕೇ ಅಡ್ಡಿ ಇದೆ, ಕೆಲವು ಕಡೆ ಉಳುವವನಿಗೆ ಹಕ್ಕು ಹುಟ್ಟುತ್ತದೆ. ವಕೀಲರ ಫೀಸು ಉಳಿಸಲು ಹೋಗಬೇಡಿ. ಆ ಜೋಡಿ ಎಲ್ಲಿ ವಾಸ ಮಾಡುತ್ತಾರೆ, ಬಾವಿಯ ನೀರು ಯಾರಿಗೆ ಎಷ್ಟು, ಕರೆಂಟ್ ಬಿಲ್ ಯಾರದ್ದು, ಇವೂ ಕರಾರಿನಲ್ಲಿ ಇರಲಿ. ಜಗಳ ಶುರುವಾಗುವುದು ಇಂಥ ಸಣ್ಣದರಿಂದಲೇ.

ಮಾರಲೇಬಾರದು ಅಂತ ಹಟ ಬೇಡ ಅಂತಲೂ ಹೇಳುತ್ತೇನೆ. 1968ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಹೆಲೆನ್ ಮತ್ತು ಸ್ಕಾಟ್ ನಿಯರಿಂಗ್ ದಂಪತಿ ತಮ್ಮ ಜಮೀನಿನಲ್ಲಿ 60 ಎಕರೆಯನ್ನು ಎಲಿಯಟ್ ಕೋಲ್ಮನ್ ಎಂಬ ಯುವಕನಿಗೆ, ತಾವು ಕೊಂಡಿದ್ದ ಬೆಲೆಗೇ ಮಾರಿದರು. ಸ್ಕಾಟ್‌ಗೆ ಆಗ ಎಂಬತ್ತು ದಾಟಿತ್ತು. ಕಲ್ಲು ತುಂಬಿದ ಕಾಡುಜಾಗ, ಹುಳಿ ಮಣ್ಣು. ಕೋಲ್ಮನ್ ಅದನ್ನು ಕಡಿದು ಹದಮಾಡಿ, ಹಿಮ ಬೀಳುವ ಚಳಿಗಾಲದಲ್ಲೂ ಸೊಪ್ಪು ತರಕಾರಿ ತೆಗೆಯುವುದಕ್ಕೆ ಹೆಸರಾದರು. ಮಾರುಕಟ್ಟೆ ಬೆಲೆ ಕೇಳಿದ್ದರೆ ಆತ ಅಲ್ಲಿಗೆ ಬರುತ್ತಲೇ ಇರಲಿಲ್ಲ ಅಂತ ನನ್ನ ಅನಿಸಿಕೆ.

ಮಾರಾಟಕ್ಕೂ ಲೀಸ್‌ಗೂ ನಡುವೆ ಇನ್ನೊಂದು ದಾರಿಯಿದೆ. ಫ್ರಾನ್ಸಿನಲ್ಲಿ 2003ರಿಂದ ಇರುವ 'ತೆರ್ ದ ಲಿಯಾಂ' ಎಂಬ ಸಂಸ್ಥೆ ಸಾಮಾನ್ಯ ಜನರ ಉಳಿತಾಯ ಮತ್ತು ದಾನದ ಹಣದಿಂದ ಜಮೀನು ಕೊಂಡು ಸಾವಯವ ರೈತರಿಗೆ ದೀರ್ಘಾವಧಿಗೆ ಕೊಡುತ್ತದೆ. ಜಮೀನನ್ನು ಮತ್ತೆ ಮಾರುಕಟ್ಟೆಗೆ ಬಿಡದಿರುವುದೇ ಅವರ ಉದ್ದೇಶ. ಹೇಗೆ ಬೇಸಾಯ ಮಾಡಬೇಕು ಅನ್ನುವುದು ಕರಾರಿನಲ್ಲೇ ಇರುತ್ತದೆ. ಇಂಥ ಟ್ರಸ್ಟ್ ನಿಮ್ಮ ಕಡೆ ಇಲ್ಲದಿದ್ದರೂ ಅವರ ಕರಾರಿನ ಈ ಭಾಗವನ್ನು ನೀವು ಎರವಲು ಪಡೆಯಬಹುದು: ರಾಸಾಯನಿಕ ಹಾಕುವಂತಿಲ್ಲ, ಬದುವಿನ ಮರ ಕಡಿಯುವಂತಿಲ್ಲ. ಅಷ್ಟು ಸಾಕು. ಯಾವ ಬೆಳೆ, ಯಾವ ತಳಿ ಅಂತ ಬರೆಯಲು ಹೋಗಬೇಡಿ.

ಪ್ರಶ್ನೆ: ಪರಿಚಯದ ಹಿರಿಯರೊಬ್ಬರು ಎರಡು ಎಕರೆ ಕೊಟ್ಟಿದ್ದಾರೆ, ಬರೀ ಬಾಯಿಮಾತು. "ನಾನಿರೋವರೆಗೆ ನಿನ್ನನ್ನು ಯಾರೂ ಕೇಳಲ್ಲ" ಅನ್ನುತ್ತಾರೆ. ತುಂಬಾ ಒಳ್ಳೆಯವರು. ಬೇಲಿ, ಡ್ರಿಪ್, ಒಂದು ಶೆಡ್ ಮಾಡಿಕೊಳ್ಳೋಣ ಅಂತಿದ್ದೇನೆ. ಎರಡು ಎಕರೆಯಲ್ಲಿ ಬದುಕಲು ಆಗುತ್ತದಾ?

ಉತ್ತರ: ಅವರು ಒಳ್ಳೆಯವರು, ಸರಿ. ಅವರಿಲ್ಲದ ದಿನ ಜಮೀನು ಯಾರ ಕೈಗೆ ಹೋಗುತ್ತದೋ ಅವರೂ ಒಳ್ಳೆಯವರೇ ಇರಬಹುದು, ಆದರೆ ನಿಮಗೂ ಅವರಿಗೂ ಯಾವ ಮಾತೂ ಆಗಿರುವುದಿಲ್ಲ. ಬರವಣಿಗೆ ಕೇಳಿ. ಕೇಳಲು ಸಂಕೋಚ ಆದರೆ "ನಿಮ್ಮ ಮನೆಯವರಿಗೆ ನಾಳೆ ನನ್ನಿಂದ ತೊಂದರೆ ಆಗಬಾರದು" ಅಂತ ಹೇಳಿ ಕೇಳಿ. ಅದು ಸುಳ್ಳೂ ಅಲ್ಲ.

ಕಾಗದ ಆಗುವವರೆಗೆ ಕಿತ್ತುಕೊಂಡು ಹೋಗಬಹುದಾದ್ದಕ್ಕೆ ಮಾತ್ರ ದುಡ್ಡು ಹಾಕಿ. ಡ್ರಿಪ್ ಪೈಪು, ಪಂಪು, ಸಲಕರಣೆ, ಬಿಚ್ಚಿ ಜೋಡಿಸುವ ನೆರಳುಮನೆ, ಇವೆಲ್ಲ ಸರಿ. ಶೆಡ್, ಕಲ್ಲುಕಂಬದ ಬೇಲಿ ಬೇಡ. ಅವು ಬೇಕೇ ಬೇಕೆಂದರೆ, ಹಾಕಿದ ಹಣ ವರ್ಷಕ್ಕೆ ಇಷ್ಟರಂತೆ ಕಳೆಯುತ್ತಾ ಹೋಗಿ, ಮಧ್ಯದಲ್ಲಿ ಬಿಡಿಸಿದರೆ ಉಳಿದದ್ದನ್ನು ಜಮೀನಿನವರು ಕೊಡಬೇಕು ಅಂತ ಬರೆಸಿಕೊಳ್ಳಿ.

ಎರಡು ಎಕರೆ ಸಾಕು, ಹೆಚ್ಚೂ ಆಗಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಜಾನ್-ಮಾರ್ಟಿನ್ ಫೋರ್ಟಿಯೆ ದಂಪತಿ ಒಂದೂವರೆ ಎಕರೆ ತರಕಾರಿಯಲ್ಲೇ ಸಂಸಾರ ನಡೆಸಿ ತೋರಿಸಿದ್ದಾರೆ, ಟ್ರ್ಯಾಕ್ಟರ್ ಕೂಡ ಇಲ್ಲದೆ. ಆದರೆ ಅವರು ತಿನ್ನುವವರಿಗೆ ನೇರವಾಗಿ ಮಾರಿದರು ಅನ್ನುವುದನ್ನು ಮರೆಯಬೇಡಿ. ಮಧ್ಯವರ್ತಿಗೆ ಸಗಟು ಹಾಕುವುದಾದರೆ ಈ ಲೆಕ್ಕ ಕೂಡುವುದಿಲ್ಲ. ಎಕರೆ ಎಷ್ಟು ಅನ್ನುವುದಕ್ಕಿಂತ ಕೊಳ್ಳುವ ಮನೆಗಳೆಷ್ಟು ಅಂತ ಮೊದಲು ಎಣಿಸಿ.

ಪ್ರಶ್ನೆ: ಅಪ್ಪ ಜಮೀನನ್ನು ಇಬ್ಬರು ಹೊಸ ಬೆಳೆಗಾರರಿಗೆ ಕೊಟ್ಟಿದ್ದಾರೆ, ಕಾಗದ ಪತ್ರ ಎಲ್ಲ ಆಗಿದೆ. ಆದರೆ ದಿನಾ ಬೆಳಿಗ್ಗೆ ಹೋಗಿ ಕಳೆ ನೋಡಿ ಬೈದು ಬರುತ್ತಾರೆ. ಬೆಳೆಗಾರರು ಬಿಟ್ಟು ಹೋಗುತ್ತಾರೇನೋ ಅಂತ ಭಯ.

ಉತ್ತರ: ಹೋಗಬೇಡಿ ಅಂದರೆ ಕೇಳುವುದಿಲ್ಲ, ಸುಮ್ನೆ ಮನೆಯಲ್ಲಿ ಜಗಳ. ಅಪ್ಪನ ಕಣ್ಣಿಗೆ ಕಳೆ ಅನ್ನಿಸಿದ್ದೆಲ್ಲ ಕಳೆಯೇ ಆಗಿರಬೇಕಿಲ್ಲ. ಸಾಲಿನ ನಡುವೆ ದ್ವಿದಳ ಗಿಡ ಬಿತ್ತಿ ಬಿಡುವುದು ಸಾವಯವದಲ್ಲಿ ಮಾಮೂಲು. ಅದರ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತದೆ, ಎಲೆ ಮಣ್ಣನ್ನು ಬಿಸಿಲಿಗೆ ಬಿಡುವುದಿಲ್ಲ. ಇದನ್ನು ನೀವು ಹೇಳಬೇಡಿ, ಬೆಳೆಗಾರರೇ ಅಪ್ಪನ ಜೊತೆ ತಿಂಗಳಿಗೊಮ್ಮೆ ಹೊಲ ಸುತ್ತುತ್ತಾ ತೋರಿಸಲಿ. ಉಳಿದ ದಿನ ಅವರ ಪಾಡಿಗೆ ಅವರನ್ನು ಬಿಡಬೇಕು ಅಂತ ಮೂವರೂ ಸೇರಿ ಮಾತಾಡಿಕೊಳ್ಳಲಿ.

ಜೊತೆಗೆ ಅಪ್ಪನಿಗೆ ಒಂದು ನಿಜವಾದ ಕೆಲಸ ಕೊಡಿ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆ ಮೊದಲು ಒಣಗುತ್ತದೆ, ಪಕ್ಕದ ಹೊಲದವರು ಔಷಧಿ ಹೊಡೆದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಇದೆಲ್ಲ ಬೇರೆ ಯಾರಿಗೂ ಗೊತ್ತಿಲ್ಲ. ಕೂತು ನಕ್ಷೆ ಬರೆಯಲಿ. ಯಾವ ಹೊಲಕ್ಕೆ ಕೊನೆಯ ಸಲ ರಾಸಾಯನಿಕ ಹಾಕಿದ್ದು ಯಾವಾಗ ಅನ್ನುವುದನ್ನೂ ಬರೆದು ಕೊಡಲಿ. ಪ್ರಮಾಣಪತ್ರದವರು ಕೇಳುವ ಮೊದಲ ವಿಷಯಗಳಲ್ಲಿ ಅದೂ ಒಂದು. ಎಷ್ಟೋ ವರ್ಷ ಏನೂ ಹಾಕದೆ ಬೀಳು ಬಿಟ್ಟ ಜಾಗವಿದ್ದು, ಅದಕ್ಕೆ ಸರಿಯಾದ ದಾಖಲೆಯಿದ್ದರೆ ಪರಿವರ್ತನೆ ಅವಧಿ ಕಡಿಮೆ ಮಾಡುವ ಅವಕಾಶವೂ ಕೆಲವು ದೇಶಗಳ ನಿಯಮದಲ್ಲಿದೆ. ಆ ಕಾಗದಕ್ಕೆ ಆಗ ಬೇಸಾಯ ಮಾಡುತ್ತಿದ್ದವರ ಸಹಿ ಕೇಳಬಹುದು. ಅಪ್ಪ ಇಲ್ಲದೆ ಆಗುವ ಕೆಲಸವಲ್ಲ ಅದು, ಹಾಗಂತ ಅವರಿಗೆ ಹೇಳಿ ನೋಡಿ.