ಸಿಮೆಂಟ್ ಹಾಕದೆ ಹೂದೋಟಕ್ಕೆ ಕಲ್ಲಿನ ಗೋಡೆ, ಮೊದಲ ಸಲ ಕಟ್ಟುವವರಿಗೆ

ಅಕ್ಕಾ, ತುಮಕೂರಿನ ಹತ್ತಿರ ಮನೆ, ಪಾಯ ತೋಡುವಾಗ ಎದ್ದ ಕಾಡುಗಲ್ಲಿನ ರಾಶಿ ಹಾಗೇ ಬಿದ್ದಿದೆ, ಹೂವಿನ ಮಡಿಯ ಮುಂದೆ 20 ಅಡಿ ಉದ್ದ, 2 ಅಡಿ ಎತ್ತರದ ಗೋಡೆ ನಾವೇ ಕಟ್ಟಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಟ್ಟಬಹುದು. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಕಾಂಕ್ರೀಟ್ ಬೆಡ್ ಹಾಕಿ 1:6 (ಒಂದು ಪಾಲು ಸಿಮೆಂಟ್, ಆರು ಪಾಲು ಮರಳು) ಗಾರೆಯಲ್ಲಿ ಕಟ್ಟಿ ಅಂದಿದ್ದಾರೆ. ಅದು ತಪ್ಪೇನಲ್ಲ, ಆದರೆ ಹೊಸಬರಿಗೆ ನಾನು ಹೇಳುವುದು ಗಾರೆ ಇಲ್ಲದ ಗೋಡೆಯನ್ನೇ. ಗಾರೆಯಲ್ಲಿ ಕಲ್ಲು ಸೊಟ್ಟಗೆ ಕೂತರೆ ಮರುದಿನ ಉಳಿ ಹಿಡಿದು ಕೀಳಬೇಕು. ಇಲ್ಲಿ ಎತ್ತಿ ತಿರುಗಿಸಿ ಇಟ್ಟರಾಯಿತು. ಮಳೆಗೆ ನೆಲ ಸ್ವಲ್ಪ ಕುಗ್ಗಿದರೆ ಸಿಮೆಂಟ್ ಗೋಡೆ ಬಿರುಕು ಬಿಡುತ್ತದೆ, ಬಿಡಿ ಕಲ್ಲುಗಳು ನೆಲದ ಜೊತೆಗೇ ಕೂರುತ್ತವೆ.

ಮೊದಲು ರಾಶಿ ಸಾಕಾಗುತ್ತದಾ ನೋಡಿ. ಬುಡ 18 ಇಂಚು, ನೆತ್ತಿ 12 ಇಂಚು ಅಗಲ ಇಟ್ಟುಕೊಂಡರೆ ಪಾಯವೂ ಸೇರಿ ಸುಮಾರು 67 ಘನ ಅಡಿ ಆಗುತ್ತದೆ. ಎಲ್ಲ ಕಲ್ಲೂ ಕೆಲಸಕ್ಕೆ ಬರುವುದಿಲ್ಲ, ಆದ್ದರಿಂದ 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರದ ರಾಶಿಯಾದರೂ ಬೇಕು. ಕಡಿಮೆ ಬಿದ್ದು ತರಿಸುವುದಾದರೆ ಲೋಡ್ ಲೆಕ್ಕದಲ್ಲಿ ಮಾತಾಡಬೇಡಿ, ಎಷ್ಟು ಘನ ಅಡಿ ಅಂತ ಕೇಳಿ. ಟ್ರ್ಯಾಕ್ಟರಿಂದ ಟ್ರ್ಯಾಕ್ಟರಿಗೆ ಲೋಡ್ ಬೇರೆ ಬೇರೆ. ನಮ್ಮ ಕಡೆಯ ಕಲ್ಲು ಗಟ್ಟಿ ಗ್ರಾನೈಟ್, ಒಂದು ಘನ ಅಡಿಗೆ ಸುಮಾರು 75 ಕೆಜಿ. ಸಂದುಗಳ ಖಾಲಿ ಜಾಗ ಕಳೆದರೂ ಇಡೀ ಗೋಡೆಗೆ ಹೆಚ್ಚುಕಡಿಮೆ 4 ಟನ್ ಹೊರುತ್ತೀರಿ ಅಂದ ಹಾಗಾಯಿತು. ದೊಡ್ಡದನ್ನು ಎತ್ತಲು ಹೋಗಬೇಡಿ, ಹಾರೆ ಕೊಟ್ಟು ಉರುಳಿಸಿ.

ರಾಶಿಗೆ ಸುಮ್ನೆ ಕೈ ಹಾಕಬೇಡಿ ಮತ್ತೆ. ತುಂಬ ದಿನದಿಂದ ಬಿದ್ದಿರುವ ಕಲ್ಲಿನ ಅಡಿಯಲ್ಲಿ ಚೇಳು, ಹಾವು ಇರುವುದು ಮಾಮೂಲಿ. ಮೊದಲು ಹಾರೆಯಿಂದ ಮಗುಚಿ, ಆಮೇಲೆ ಮುಟ್ಟಿ. ಶೂ, ಗ್ಲೌಸ್ ಬೇಕೇ ಬೇಕು. ಸುತ್ತಿಗೆ ಏಟು ಹಾಕುವಾಗ ಕಣ್ಣಿಗೆ ಕನ್ನಡಕ.

ಕಟ್ಟಲು ಶುರು ಮಾಡುವ ಮೊದಲು ಕಲ್ಲು ವಿಂಗಡಿಸಿ. ಬೇಜಾರಿನ ಕೆಲಸವೇ, ಆದರೆ ಅರ್ಧ ಗೋಡೆ ಎದ್ದಮೇಲೆ ಬೇಕಾದ ಕಲ್ಲು ಹುಡುಕುತ್ತಾ ಓಡಾಡುವುದು ಇನ್ನೂ ಬೇಜಾರು. ದಪ್ಪ ಕಲ್ಲು ಬುಡಕ್ಕೆ, ಚಪ್ಪಟೆ ಕಲ್ಲು ನೆತ್ತಿಗೆ. 15 ಇಂಚಿಗಿಂತ ಉದ್ದದ ಆರೇಳು ಕಲ್ಲು ಬೇರೆ ಇಡಿ. ಚಕ್ಕೆ, ಚೂರು ಯಾವುದನ್ನೂ ಎಸೆಯಬೇಡಿ. ಸುತ್ತಿಗೆಯಿಂದ ತಟ್ಟಿದಾಗ ಠಣ್ ಅನ್ನದೆ ಪುಡಿ ಉದುರುವ ಕಲ್ಲನ್ನು ಮಾತ್ರ ಬಿಡಿ.

ಪಾಯ 6 ಇಂಚು ಆಳ, 21 ಇಂಚು ಅಗಲ ಸಾಕು, ಕೆಂಪು ಮಣ್ಣಿನಲ್ಲಿ ಅಷ್ಟಕ್ಕೇ ಗಟ್ಟಿ ನೆಲ ಸಿಗುತ್ತದೆ. ಸಿಗದಿದ್ದರೆ ಸಿಗುವವರೆಗೆ ಅಗೆಯಿರಿ. ನೀರಿನ ಪೈಪು ಎಲ್ಲಿ ಹೋಗಿದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಎರೆಮಣ್ಣಿನ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಅಳತೆ ನಿಮಗಲ್ಲ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಇನ್ನೂ ಆಳಕ್ಕೆ ಹೋಗಿ ಜಲ್ಲಿ ತುಂಬಬೇಕು.

ಈಗ ಮುಖ್ಯವಾದ ವಿಷಯ. ಹೊಸಬರು ಕಲ್ಲಿನ ಅಂದದ ಉದ್ದ ಮುಖವನ್ನು ಹೊರಗೆ ತೋರಿಸಿ ಇಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಒಂದೆರಡು ಮಳೆಗಾಲಕ್ಕೆ ಹೊಟ್ಟೆ ಬಿಡುತ್ತದೆ. ಕಲ್ಲಿನ ಉದ್ದ ಯಾವಾಗಲೂ ಗೋಡೆಯ ಒಳಕ್ಕೆ ಹೋಗಬೇಕು, ಹೊರಗೆ ಗಿಡ್ಡ ಮುಖ ಸಾಕು. ಹಂಪಿಯಲ್ಲಿ ಗಾರೆ ಇಲ್ಲದ ಕೋಟೆ ಗೋಡೆ ಎಲ್ಲಾದರೂ ಬಿದ್ದಿರುವ ಕಡೆ ನಿಂತು ಪಕ್ಕದಿಂದ ನೋಡಿ. ಹೊರಗೆ ಕಾಣುವುದು ಬರೀ ಮುಖ, ಕಲ್ಲಿನ ಬಾಲ ಮೊನಚಾಗಿ ಒಳಕ್ಕೆ ಚಾಚಿಕೊಂಡಿರುತ್ತದೆ.

ನಮ್ಮ ಸಣ್ಣ ಗೋಡೆಯಲ್ಲಿ ಎರಡೂ ಬದಿಗೆ ಒಂದೊಂದು ಸಾಲು, ಮಧ್ಯೆ ಚೂರುಕಲ್ಲು. ಆ ಚೂರನ್ನು ಬಾಂಡ್ಲಿಯಲ್ಲಿ ತಂದು ಸುರಿಯಬೇಡಿ, ಕೈಯಿಂದ ಒಂದೊಂದೇ ಬಿಗಿಯಾಗಿ ಕೂರಿಸಿ. ಮಣ್ಣಂತೂ ತುಂಬಲೇಬೇಡಿ. ಮಣ್ಣು ನೀರು ಹಿಡಿದು ಉಬ್ಬುತ್ತದೆ, ಆಮೇಲೆ ಕೊಚ್ಚಿಹೋಗಿ ಒಳಗೆ ಟೊಳ್ಳಾಗುತ್ತದೆ. ಪ್ರತಿ ವರಸೆಯಲ್ಲೂ (ಒಂದರ ಮೇಲೊಂದು ಬರುವ ಕಲ್ಲಿನ ಸಾಲು) ಕೆಳಗಿನ ಸಂದಿನ ಮೇಲೆ ಕಲ್ಲು ಬರಬೇಕು, ಸಂದಿನ ಮೇಲೆ ಸಂದು ಬಂದರೆ ಅಲ್ಲೇ ಸೀಳುತ್ತದೆ. ಅಲ್ಲಾಡುವ ಕಲ್ಲಿಗೆ ಚಕ್ಕೆಯನ್ನು ಒಳಗಿನಿಂದ ಕೊಡಿ, ಹೊರಗಿನಿಂದ ಸಿಕ್ಕಿಸಿದ ಚಕ್ಕೆ ಒಂದಲ್ಲ ಒಂದು ದಿನ ಉದುರುತ್ತದೆ. 1 ಅಡಿ ಎತ್ತರ ಬಂದಾಗ, ತೆಗೆದಿಟ್ಟ ಉದ್ದ ಕಲ್ಲುಗಳನ್ನು 3 ಅಡಿಗೊಂದರಂತೆ ಅಡ್ಡಲಾಗಿ, ಎರಡೂ ಬದಿ ಮುಟ್ಟುವ ಹಾಗೆ ಇಡಿ. ಇಡೀ ಗೋಡೆಯನ್ನು ಕಟ್ಟಿಹಿಡಿಯುವುದು ಅವೇ.

ಗೋಡೆ ಮೇಲೇರುತ್ತಾ ಎರಡೂ ಬದಿಯಿಂದ ತಲಾ 3 ಇಂಚು ಒಳಕ್ಕೆ ವಾಲಬೇಕು. ಇದಕ್ಕೆ ಎರಡು ತುದಿಯಲ್ಲೂ ಅದೇ ವಾಲಿಗೆ ಪಟ್ಟಿ ನೆಟ್ಟು ದಾರ ಕಟ್ಟಿ, ವರಸೆ ಏರಿದಂತೆ ದಾರವನ್ನೂ ಏರಿಸಿ. ಕಣ್ಣಳತೆ ನಂಬಬೇಡಿ. ತುದಿಗಳಿಗೆ ಚೌಕನೆಯ ದೊಡ್ಡ ಕಲ್ಲು ಇರಲಿ, ಒಂದು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ.

ನೆತ್ತಿಯ ಚಪ್ಪಡಿ ಒಂದಕ್ಕೆ ಮಾತ್ರ ನಾನು ಸಿಮೆಂಟಿಗೆ ಒಪ್ಪುತ್ತೇನೆ. ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಹತ್ತುವುದು, ಕೂರುವುದು ಇದ್ದದ್ದೇ ಅಲ್ವಾ. ತೆಳ್ಳಗೆ ಗಾರೆ ಹಾಕಿ ಕೂರಿಸಿ, ಒಂದು ವಾರ ನೀರು ಹಾಕಿ.

ಸಂದುಗಳಲ್ಲಿ ಹಾವು ಸೇರಿಕೊಳ್ಳುವುದಿಲ್ಲವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಸೇರಬಹುದು, ಸುಳ್ಳು ಹೇಳಲ್ಲ. ಬಾಗಿಲಿಗೆ ತೀರಾ ಹತ್ತಿರವಾದರೆ ಕೆಳಗಿನ ಎರಡು ವರಸೆಯ ಸಂದಿಗೆ ಗಾರೆ ಮೆತ್ತಿ, ಅಲ್ಲಲ್ಲಿ ನೀರು ಹೋಗಲು ಮಾತ್ರ ಸಣ್ಣ ತೂತು ಬಿಡಿ. ಗೋಡೆ ಪಕ್ಕ ಹುಲ್ಲು ಬೆಳೆಯಲು ಬಿಡಬೇಡಿ, ತೆಂಗಿನ ಮಟ್ಟೆ ಪೇರಿಸಬೇಡಿ.

ಕಟ್ಟಿ ಮುಗಿದ ಮೇಲೆ ಹೊರಮುಖದ ಸಂದಿನಲ್ಲಿ ಮಾತ್ರ ಒಂದಿಷ್ಟು ಗೊಬ್ಬರ ಮಣ್ಣು ತುರುಕಿ ಹತ್ತು ಗಂಟೆ ಹೂವಿನ ಕಡ್ಡಿ ಸಿಕ್ಕಿಸಿದರೆ ಬಿಸಿಲಿನ ಬದಿ ತುಂಬಿಕೊಳ್ಳುತ್ತದೆ. ಅರಳಿ, ಅತ್ತಿ ಸಸಿ ಕಂಡರೆ ಎರಡೆಲೆ ಇರುವಾಗಲೇ ಕಿತ್ತುಬಿಡಿ.

ಒಂದು ವಿಷಯ ಮಾತ್ರ ನಿಮ್ಮ ಪೋಸ್ಟಿನಲ್ಲಿ ಇಲ್ಲ. ಮಡಿಯ ಮಣ್ಣು ಗೋಡೆಗೆ ಒರಗಿಕೊಂಡಿರುತ್ತದಾ, ಇಲ್ಲಾ ಎರಡೂ ಕಡೆ ನೆಲ ಒಂದೇ ಮಟ್ಟವಾ? ಮಣ್ಣು ತಡೆಯುವ ಗೋಡೆಯಾದರೆ ಬುಡ ಇನ್ನೂ ಅಗಲ ಬೇಕು, ಇಡೀ ಗೋಡೆ ಮಣ್ಣಿನ ಕಡೆಗೆ ವಾಲಬೇಕು, ಹಿಂದೆ ಮುಕ್ಕಾಲು ಅಡಿ ಜಲ್ಲಿ ತುಂಬಬೇಕು. ಜಾಗದ ಫೋಟೊ ಪಕ್ಕದಿಂದ ತೆಗೆದು ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಪಾಯ ತೋಡಬೇಡಿ.