ಕೊಡಗಿನ ಕಾಫಿ ತೋಟಗಳಲ್ಲಿ ಕಾಣುವ ಕಬ್ಬೆಕ್ಕು ನಿಜವಾಗಿ ಬೆಕ್ಕಿನ ಜಾತಿಯೇ?

ಅಲ್ಲ. ಹೆಸರಲ್ಲಿ ಬೆಕ್ಕು ಇದ್ದರೂ ಕಬ್ಬೆಕ್ಕು ಬೇರೆಯೇ ಕುಟುಂಬದ್ದು, ಪುನುಗು ಬೆಕ್ಕಿನ ಬಳಗ. ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ. ಮೂತಿ ಚೂಪು, ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ.

ಮಾಂಸಾಹಾರಿಗಳ ಗುಂಪಿಗೆ ಸೇರಿದರೂ ಇದಕ್ಕೆ ಹಣ್ಣೇ ಜಾಸ್ತಿ ಇಷ್ಟ. ಬೈನೆ ಹಣ್ಣು, ಅತ್ತಿ, ಕಾಫಿ ಹಣ್ಣು. ಜೊತೆಗೆ ಇಲಿ, ಹುಳು. ಕಾಫಿ ಕೊಯ್ಲಿನ ಹೊತ್ತಿಗೆ ಬೆಳಿಗ್ಗೆ ತೋಟಕ್ಕೆ ಹೋದರೆ ಬಿದ್ದ ಮರದ ಮೇಲೋ ಬಂಡೆಯ ಮೇಲೋ ಇದರ ಹಿಕ್ಕೆ ಸಿಗುತ್ತದೆ. ಹತ್ತಿರ ಬಗ್ಗಿ ನೋಡಿ: ಬರೀ ಕಾಫಿ ಬೀಜ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಿಪ್ಪೆ, ತಿರುಳು ಕರಗಿದೆ, ಬೀಜದ ಮೇಲಿನ ಹೊಟ್ಟು ಹಾಗೇ ಇದೆ. ಈ ಬೀಜದ ಕಾಫಿಗೆ ತುಂಬಾ ಬೆಲೆ. ಮಾಗಿದ ಹಣ್ಣನ್ನೇ ಆರಿಸಿ ತಿನ್ನುತ್ತದಲ್ವಾ, ಅದೂ ಒಂದು ಕಾರಣ. ಆದರೆ ಅದಕ್ಕಾಗಿ ಪ್ರಾಣಿಯನ್ನು ಹಿಡಿದು ಗೂಡಿನಲ್ಲಿಡುವುದು ಕ್ರೂರ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಕೊಡಗಿನಲ್ಲಿ ಇನ್ನೊಂದು ಬಗೆಯೂ ಇದೆ. ಮೈಮೇಲೆ ಪಟ್ಟೆ, ಚುಕ್ಕೆ ಇಲ್ಲದ ಕಂದು ಕಬ್ಬೆಕ್ಕು. ಪಶ್ಚಿಮ ಘಟ್ಟ ಬಿಟ್ಟರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನುಂಗಿದ ಬೀಜಗಳನ್ನು ದೂರ ಒಯ್ದು ಹಾಕಿ ಕಾಡು ಬೆಳೆಸುತ್ತದೆ.

ಹಗಲಲ್ಲಿ ಮರದ ಪೊಟರೆಯಲ್ಲಿ ನಿದ್ದೆ. ಸಾಮಾನ್ಯ ಕಬ್ಬೆಕ್ಕು ಕೆಲವೊಮ್ಮೆ ಮನೆಯ ಅಟ್ಟಕ್ಕೂ ಬರುತ್ತದೆ. ಮರಿ ಇದ್ದರೆ ಸುಮ್ನೆ ಬಿಟ್ಟುಬಿಡಿ, ದೊಡ್ಡವಾದ ಮೇಲೆ ತಾವೇ ಹೋಗುತ್ತವೆ.